ಎಲ್ಲಕ್ಕಿಂತ ಮೇಲಿನ ಬಟನ್

ತಮಿಳುನಾಡಿನ ಪೆರಿಯಕುಳಂ ಹತ್ತಿರದ ನಮ್ಮ ಕಾಲೇಜಿನ ಹೆಣ್ಣುಮಕ್ಕಳ ಕಬಡ್ಡಿ ತಂಡದಲ್ಲಿ ನಾನು ಹೆಸರಿಗೆ ಮಾತ್ರ ಆಟಗಾರ್ತಿ. ಆಡಿದ್ದಕ್ಕಿಂತ ಬೆಂಚು ಬಿಸಿ ಮಾಡಿದ್ದೇ ಹೆಚ್ಚು. ಕಂಪ್ಯೂಟರ್ ಓದುತ್ತಿದ್ದೆ ಎಂಬ ಒಂದೇ ಕಾರಣಕ್ಕೆ ಕೋಚ್ ಮೇಡಂ ತಂಡಕ್ಕೊಂದು ವೆಬ್‌ಪುಟ ಮಾಡುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ನಮ್ಮ ವಿಡಿಯೋ ಒಂದು ಕಡೆ, ಫೋಟೋ ಇನ್ನೊಂದು ಕಡೆ, ಪಂದ್ಯದ ಸುದ್ದಿ ಮತ್ತೆಲ್ಲೋ ಇರುತ್ತಿತ್ತು. ಒಂದು ಲಿಂಕ್ ಒತ್ತಿದರೆ ಎಲ್ಲ ಒಂದೇ ಪುಟದಲ್ಲಿ ಸಿಗಬೇಕಿತ್ತು.

ಮೇಡಂಗೆ ದೊಡ್ಡ ಕಾಲೇಜುಗಳ ಪುಟದಂಥದ್ದೇ ಆಸೆ. ತೆರೆದ ಕೂಡಲೇ ನಿಧಾನಗತಿಯ ವಿಡಿಯೋ, ಹಾರುವ ಮಣ್ಣು, ಕಿವಿ ಹರಿಯುವ ಸಂಗೀತ. ನಾನು ಅದನ್ನೆಲ್ಲ ಕೆಳಗೆ ತಳ್ಳಿ, ಎಲ್ಲಕ್ಕಿಂತ ಮೇಲೆ ಮಾವಿನಹಣ್ಣಿನ ಬಣ್ಣದ ದಪ್ಪ ಬಟನ್ ಇಟ್ಟೆ. ಅದರ ಮೇಲೆ ಒಂದು ವ್ಯಾನಿನ ಚಿತ್ರ. ಒತ್ತಿದರೆ ನಮ್ಮಲ್ಲೊಬ್ಬಳ ದನಿ ಕೇಳುತ್ತಿತ್ತು: ಈಗ ಎಲ್ಲಿದ್ದೇವೆ, ಊಟವಾಯಿತೇ, ಜೊತೆಗೆ ಯಾರಿದ್ದಾರೆ, ಮನೆಗೆ ಯಾವಾಗ. ಮನೆಯವರಿಗೆ ಮಾತ್ರ ತೆರೆಯುವಂತೆ ಬೀಗವನ್ನೂ ಹಾಕಿದ್ದೆ.

ಇದು ಕಬಡ್ಡಿ ಪುಟವೋ ಬಸ್ ಸ್ಟ್ಯಾಂಡಿನ ವಿಚಾರಣೆ ಕೌಂಟರೋ ಎಂದು ಮೇಡಂ ನಕ್ಕರು. ನಗಲಿ. ಅವರು ಹೊರಗಿನವರು, ಕಂಬಂ ಕಣಿವೆಯ ನಮ್ಮ ಕನ್ನಡದ ಮನೆಗಳು ಅವರಿಗೇನು ಗೊತ್ತು? ದ್ರಾಕ್ಷಿ ತೋಟ ಅಪ್ಪನದು, ಹುಡುಗಿ ಹೊಸಿಲು ದಾಟುವ ವಿಚಾರ ಅಜ್ಜಿಯದು. ಅಜ್ಜಿ ಯಾವತ್ತೂ ಸ್ಕೋರ್ ಕೇಳುವುದಿಲ್ಲ.

ಅಂಥ ಅಜ್ಜಿಯರಲ್ಲೇ ಗಟ್ಟಿಗಿತ್ತಿ ನಮ್ಮ ಮುಖ್ಯ ರೈಡರ್ ಹುಡುಗಿಯ ಅಜ್ಜಿ. ಮೊಮ್ಮಗಳು ಎಲ್ಲಿಗಾದರೂ ಹೋಗಲಿ, ರಾತ್ರಿ ಮನೆಯಲ್ಲೇ ಮಲಗಬೇಕು. ದಿಂಡುಕಲ್ಲಿನ ಟೂರ್ನಿಯಲ್ಲಿ ಸೆಮಿಫೈನಲ್ ಗೆದ್ದು ನಾವು ಕುಣಿಯುತ್ತಿದ್ದಾಗಲೇ ಮಳೆ ಸುರಿದು ಅಂಕಣ ಕೆಸರಾಯಿತು. ಫೈನಲ್ ಮರುದಿನ ಬೆಳಿಗ್ಗೆಗೆ ಹೋಯಿತು. ಮೇಡಂ ಫೋನ್ ಮಾಡಿ ಬೇಡಿಕೊಂಡರು. ಅಜ್ಜಿ ತಮಿಳಿನಲ್ಲೇ “ವೇಂಡಾಂ”, ಬೇಡ, ಎಂದು ಫೋನ್ ಇಟ್ಟುಬಿಟ್ಟರು. ರೈಡರ್ ಕಣ್ಣೊರೆಸಿಕೊಂಡು ಚೀಲ ಹೆಗಲಿಗೇರಿಸಿದಳು. ಅವಳು ಹೋದರೆ ಏಳನೆಯವಳು ನಾನು; ಅಂದರೆ ಕಪ್ಪನ್ನು ಕೈಯಾರೆ ಎದುರಾಳಿಗೆ ಕೊಟ್ಟ ಹಾಗೆ.

ಸಿಟ್ಟು ನೆತ್ತಿಗೇರಿತು. ನಮಗೆ ಕೊಟ್ಟಿದ್ದ ಹಾಸ್ಟೆಲ್ಲಿಗೆ ಓಡಿ ಗೇಟು, ವಾರ್ಡನ್ ಅಮ್ಮ, ಸಾಲು ಚಾಪೆ, ಹಬೆಯಾಡುವ ಇಡ್ಲಿ ಎಲ್ಲವನ್ನೂ ಫೋನಿನಲ್ಲಿ ಹಿಡಿದೆ. ನನ್ನ ಮುರುಕು ಮನೆಗನ್ನಡದಲ್ಲೇ ಅಜ್ಜಿಗೆ ವಿವರಿಸಿದೆ: “ಅವ್ವಾ, ನೋಡು, ಕದಕ್ಕೆ ಒಳಗಿಂದ ತಾಳ್ಪಾಳು ಐತೆ. ಮೇಡಂ ನಮ್ ಕೂಡೇ ಮಲಗ್ತಾರೆ.” ಅದನ್ನು ಆ ಬಟನ್ನಿಗೆ ಏರಿಸಿ, ಒತ್ತಿ ನೋಡಿ ಎಂದು ಅವಳ ಅಮ್ಮನಿಗೆ ಸಂದೇಶ ಕಳಿಸಿದೆ.

ಸ್ವಲ್ಪ ಹೊತ್ತಿಗೆ ಫೋನ್ ಬಂತು. ರೈಡರ್ ಸ್ಪೀಕರಿಗೆ ಹಾಕಿದಳು. “ಆ ತಾಳ್ಪಾಳು ಇನ್ನೊಂದ್ ತಡವೆ ತೋರ್ಸು ಅನ್ನು,” ಎಂದರು ಅಜ್ಜಿ.

ಚಿಲಕವನ್ನು ಹಾಕಿ, ಎಳೆದು, ಜಗ್ಗಿ, ಇನ್ನೊಂದು ವಿಡಿಯೋ ಏರಿಸಿದೆ. ಮತ್ತೆ ಫೋನ್.

“ಸರಿ, ಇರು. ಇಷ್ಟ್ ದೂರ ಹೋಗಿ ಸೋತ್ಕೊಂಡ್ ಬಂದ್ರೆ ನಾ ಇಲ್ಲಿ ತಾಳ್ಪಾಳ್ ಹಾಕ್ಕೋತೀನಿ.”

ಮರುದಿನ ಅವಳು ಆಡಿದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಕೊನೆಯ ರೈಡಿನಲ್ಲಿ ಮೂವರನ್ನು ಮುಟ್ಟಿ, ನಾಲ್ಕನೆಯವಳು ಕಾಲು ಹಿಡಿದರೂ ಅವಳನ್ನೇ ಎಳೆದುಕೊಂಡು ಬಂದು ಗೆರೆ ಮುಟ್ಟಿದಳು. ಬೆಂಚಿನಿಂದ ನೇರಪ್ರಸಾರ ಮಾಡುತ್ತಿದ್ದ ನಾನು ಎದ್ದು ಹಾರಾಡಿದ್ದರಿಂದ ಮನೆಯವರಿಗೆ ಆಟಕ್ಕಿಂತ ದಿಂಡುಕಲ್ಲಿನ ಆಕಾಶವೇ ಹೆಚ್ಚು ಕಂಡಿತಂತೆ. ಗೆದ್ದೆವು. ನಾನು ಮಣ್ಣು ಮುಟ್ಟದೆ ಗೆದ್ದೆ. ಆ ಹೆಮ್ಮೆಯನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಆ ಸಂಜೆ ಇಡೀ ತಂಡ ಅವಳ ಮನೆಗೇ ಹೋಯಿತು. ಅಜ್ಜಿ ಕಪ್ಪನ್ನು ತಿರುಗಿಸಿ ನೋಡಿ, ಮೊಮ್ಮಗಳ ಮೊಣಕಾಲಿನ ಗಾಯಕ್ಕೆ ಅರಿಶಿನ ಹಚ್ಚುತ್ತ ಕೂತರು. ಗೆದ್ದವರು ರಾಜ್ಯಮಟ್ಟಕ್ಕೆ ಚೆನ್ನೈಗೆ ಹೋಗಬೇಕು, ಮೂರು ರಾತ್ರಿ ಅಲ್ಲೇ ಇರಬೇಕು. ಅದನ್ನು ಹೇಳಲು ರೈಡರ್‌ಗೆ ನಾಲಿಗೆ ಏಳಲಿಲ್ಲ, ಮೇಡಂಗೂ ಏಳಲಿಲ್ಲ. ನಾನೇ ಹೇಳಿಬಿಟ್ಟೆ.

ಅಜ್ಜಿ ಅರಿಶಿನದ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೇಳಿದರು: “ಎಂದ್ ಹೊರಡ್ಬೇಕು?”