ಅಮ್ಮ ಗಿಡದಲ್ಲಿ ಬರೆದ ‘ರಂ’

“ಕೀಳಮ್ಮ ಅದನ್ನ. ಈಗಲೇ!”

ಪಾರ್ಕಿನ ಉಸ್ತುವಾರಿ ಸಾಹೇಬರು ಅಷ್ಟು ಜನರ ಮುಂದೆ ನಮ್ಮಮ್ಮನ ಮೇಲೆ ಕೂಗಾಡಿದ್ದು ಇವತ್ತಿಗೂ ಕಿವಿಯಲ್ಲಿದೆ. ತರೀಕೆರೆ, ಎಪ್ಪತ್ತರ ದಶಕದ ಕೊನೆ. ನಾನು ಐದನೇ ಕ್ಲಾಸು.

ಅಮ್ಮ ರಂಗಮ್ಮ ಆ ಹೊಸ ಪಾರ್ಕಿನಲ್ಲಿ ಮಾಲಿ. ರಸ್ತೆಗೆ ಕಾಣುವ ಇಳಿಜಾರಿನಲ್ಲಿ ‘ಸುಸ್ವಾಗತ’ ಅಂತ ಗಿಡದಲ್ಲೇ ಬರೆಯಬೇಕು ಅಂತ ಆರ್ಡರ್ ಆಗಿತ್ತು. ಅಮ್ಮನಿಗೆ ಓದು ಬರಹ ಗೊತ್ತಿರಲಿಲ್ಲ...

ಆದರೆ ರಂಗೋಲಿ ಗೊತ್ತಿತ್ತು! ನನ್ನ ಸ್ಲೇಟಿನ ಮೇಲೆ ಚುಕ್ಕಿ ಇಟ್ಟು, ಅದರ ಮೇಲೆ ನನ್ನ ಕೈಲಿ ಅಕ್ಷರ ಬರೆಸಿಕೊಂಡಳು. ಯಾವ ಚುಕ್ಕಿಯಿಂದ ಯಾವ ಚುಕ್ಕಿಗೆ ಗೆರೆ ಹೋಗುತ್ತೆ ಅಂತ ಎಣಿಸಿಕೊಂಡಳು.

ಇಳಿಜಾರಿನಲ್ಲಿ ಚುಕ್ಕಿಗೊಂದು ಗೂಟ ಹೊಡೆದು, ಗೆರೆ ಹೋದಲ್ಲೆಲ್ಲ ಕೆಂಪೆಲೆಯ ಬಾರ್ಡರ್ ಗಿಡ ನೆಟ್ಟಳು. ಮಳೆಗಾಲ ಮುಗಿಯುವಷ್ಟರಲ್ಲಿ ಬಸ್ಸಿನಲ್ಲಿ ಹೋಗುವವರೆಲ್ಲ ಕತ್ತು ಹೊರಗೆ ಹಾಕಿ ಓದತೊಡಗಿದರು.

ಆಗ ಒಂದು ದಿನ ಅಮ್ಮ ಕೇಳಿದಳು, “ನನ್ನೆಸ್ರು ಹೆಂಗ್ ಬರೀತಾರೆ ಕಣೇ?”

ಪೂರ್ತಿ ಹೆಸರಿಗೆ ಗಿಡ ಉಳಿದಿರಲಿಲ್ಲ. ‘ರಂ’ ಅಂತ ಬರೆದುಕೊಟ್ಟೆ. ಕೆಳಗಿನ ಮೂಲೆಯ ಮೊಳದಗಲ ಜಾಗದಲ್ಲಿ ಅದನ್ನು ನೆಟ್ಟಳು. ದಿನಾ ನೀರು ಹಾಕುವಾಗ ಆ ಪುಟ್ಟ ಸೊನ್ನೆಯನ್ನು ಕೈಯಲ್ಲಿ ಸವರಿ ನಗುತ್ತಿದ್ದಳು.

ಪಾರ್ಕಿನ ಉದ್ಘಾಟನೆಯ ಹಿಂದಿನ ದಿನ ಅದು ಸಾಹೇಬರ ಕಣ್ಣಿಗೆ ಬಿತ್ತು. ಸರ್ಕಾರದ ಜಾಗದಲ್ಲಿ ಮಾಲಿಯ ಹೆಸರಾ ಅಂತ ರೇಗಿದರು.

ಅವರ ಬೆನ್ನ ಹಿಂದೆಯೇ, ಗೇಟಿನ ಪಕ್ಕ, ಉದ್ಘಾಟನೆಯ ಹೊಸ ಕಲ್ಲು ನಿಂತಿತ್ತು ಕಣ್ರೀ. ಅದರ ತುಂಬ ಹೆಸರು! ಒಂದು ಬುಟ್ಟಿ ಗೊಬ್ಬರವನ್ನೂ ಹೊರದವರ ಹೆಸರು. ಸಾಹೇಬರದ್ದೂ ಇತ್ತು.

ಅಮ್ಮ ತಾನೇ ಕೂತು ಒಂದೊಂದೇ ಗಿಡ ಕಿತ್ತಳು. ನನಗೆ ಮೈಯೆಲ್ಲ ಉರಿದುಹೋಯ್ತು. ಇದನ್ನು ಬರೆಯುವಾಗಲೂ ಉರಿಯುತ್ತಿದೆ.

ಮರುದಿನ ಬೆಳಿಗ್ಗೆ, ಕಾರ್ಯಕ್ರಮಕ್ಕೂ ಮೊದಲು, ಸರ್ಕಾರದ ಹಾಜರಿ ಪುಸ್ತಕ ಬರುತ್ತೆ. ನಾನು ಅಮ್ಮನ ಸೆರಗು ಹಿಡಿದು ನಿಂತಿದ್ದೇನೆ. ಹೆಬ್ಬೆಟ್ಟು ಒತ್ತಲು ಸಾಹೇಬರು ಎಂದಿನಂತೆ ಇಂಕ್ ಪ್ಯಾಡ್ ಮುಂದೆ ತಳ್ಳುತ್ತಾರೆ.

ಅಮ್ಮ ಅದನ್ನು ಪಕ್ಕಕ್ಕೆ ಸರಿಸಿ ಪೆನ್ನು ಕೇಳುತ್ತಾಳೆ. ಪುಸ್ತಕದಲ್ಲಿ ಸಣ್ಣ ಸಣ್ಣ ಚುಕ್ಕಿ ಇಡುತ್ತಾಳೆ... ನಿಧಾನಕ್ಕೆ ಒಂದೊಂದನ್ನೇ ಸೇರಿಸುತ್ತಾಳೆ.

ರಂ.

“ಈಗ ಇದುನ್ನ ಕೀಳ್ಸಿ ಸ್ವಾಮಿ, ನೋಡನ,” ಅನ್ನುತ್ತಾಳೆ.

ನಿಮ್ಮೂರಿನ ಪಾರ್ಕಿನ ಕಲ್ಲನ್ನೊಮ್ಮೆ ಓದಿ ನೋಡಿ... ಗಿಡ ನೆಟ್ಟವರ ಹೆಸರು ಎಲ್ಲಾದರೂ ಇದೆಯಾ?