ಸೋದರಮಾವನ ಕತ್ತರಿ

ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ ಪುರವರದ ಹತ್ತಿರದ ಒಂದು ಹಟ್ಟಿಯ ಬಾಲವಾಡಿಯಲ್ಲಿ ನನಗೆ ಟೀಚರ್ ಕೆಲಸ ಸಿಕ್ಕಿತು. ಸಿಕ್ಕಾಗ ಕುಣಿದಾಡಿದ್ದೆ. ಮಕ್ಕಳಿಗೆ ಹಾಡು ಹೇಳಿಕೊಡುವುದು, ಮಧ್ಯಾಹ್ನ ಉಪ್ಪಿಟ್ಟು ಹಾಕುವುದು, ತಟ್ಟಿ ಮಲಗಿಸುವುದು, ಇಷ್ಟೇ ತಾನೆ ಅಂದುಕೊಂಡಿದ್ದೆ. ಅರ್ಧ ಕೆಲಸ ರಕ್ತ ಒರೆಸುವುದೇ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಬೀಳುವುದಕ್ಕೆ ಮಕ್ಕಳಿಗೆ ಕಾರಣ ಬೇಕೇ? ಒಬ್ಬ ಕಂಬಕ್ಕೆ ಹಣೆ ಚಚ್ಚಿಕೊಂಡರೆ ಇನ್ನೊಬ್ಬಳು ಬಾಗಿಲ ಸಂದಿಗೆ ಬೆರಳು ಕೊಡುತ್ತಿದ್ದಳು. ಹುಣಸೆಹಣ್ಣಿನ ಕಾಲ ಬಂತೆಂದರೆ ಮೂಗಿನೊಳಗೆ ಬೀಜ ತುರುಕಿಕೊಳ್ಳುವ ಹಬ್ಬ. ಕಚ್ಚುವವರು, ಪರಚುವವರು, ಪಕ್ಕದವನ ಕಣ್ಣಿಗೆ ಮಣ್ಣೆರಚಿ ತಾವೇ ಮೊದಲು ಅಳುವವರು, ಎಲ್ಲ ಬಗೆಯವರೂ ಇದ್ದರು. ನನ್ನ ಹತ್ತಿರ ಇದ್ದದ್ದು ಹತ್ತಿ, ಪಟ್ಟಿ, ಒಂದು ಬಾಟಲಿ ಟಿಂಚರ್. ನಮ್ಮ ಆಯಾಳ ಹತ್ತಿರ ಇದ್ದದ್ದು ಕಾಫಿಪುಡಿ. ನಾನು ಬಾಟಲಿಯ ಬಿರಡೆ ತೆಗೆಯುವಷ್ಟರಲ್ಲಿ ಅವಳು ಗಾಯಕ್ಕೆ ಕಾಫಿಪುಡಿ ಒತ್ತಿ, ಮೇಲೆ ಒಂದು ಬಟ್ಟೆ ಕಟ್ಟಿ, ಕೈ ತೊಳೆದುಕೊಂಡಿರುತ್ತಿದ್ದಳು.

ಗಾಯಕ್ಕಿಂತ ನನ್ನನ್ನು ಹಣ್ಣು ಮಾಡಿದ್ದು ಸಂಜೆಗಳು. ಕಡಲೆಕಾಯಿ ಸುಲಿಯುವ ಕೂಲಿ ಮುಗಿಸಿ ತಾಯಂದಿರು ಬರುತ್ತಿದ್ದರು. ಮಗುವನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡುವುದೇ ನೋಡುವುದು.

"ಇದೇನಮ್ಮ ಟೀಚರಮ್ಮ, ಇಲ್ಲಿ ಕೆಂಪಗೈತೆ?"

"ಸೊಳ್ಳೆ ಕಚ್ಚಿದೆ."

"ಸೊಳ್ಳೆ ಕಚ್ಚೋಗಂಟ ನೀವೇನ್ ನೋಡ್ತಾ ಕುಂತಿದ್ರಾ?"

ಮನೆಯಲ್ಲಿ ಇದೇ ಮಗು ದಿನಕ್ಕೆ ಹತ್ತು ಸಲ ಬಿದ್ದರೂ ಕೇಳುವವರಿಲ್ಲ. ನನ್ನ ಹತ್ತಿರ ಬಿಟ್ಟ ಮೇಲೆ ಅದರ ಮೈಮೇಲೆ ಸೊಳ್ಳೆಯೂ ಕೂರಬಾರದು. ಮಧುಗಿರಿಗೆ ಹೋಗುವ ಕೊನೆಯ ಬಸ್ಸಿಗೆ ಕಾಯುತ್ತಾ ನಿಂತಾಗ ಎಲ್ಲರಿಗೂ ಮನಸ್ಸಿನಲ್ಲೇ ಚೆನ್ನಾಗಿ ಬೈಯುತ್ತಿದ್ದೆ. ಬಸ್ಸು ಬರುವ ಹೊತ್ತಿಗೆ ಬೈಯುವುದಕ್ಕೂ ತ್ರಾಣ ಇರುತ್ತಿರಲಿಲ್ಲ.

ಅವರಲ್ಲಿ ಒಬ್ಬಳು ಮಾತ್ರ ಜಗಳಕ್ಕೆ ಬರುತ್ತಿರಲಿಲ್ಲ. ಚಿಕ್ಕ ವಯಸ್ಸಿನವಳು, ಕಡ್ಡಿಯಂಥ ಹೆಂಗಸು. ಮೊದಲೆರಡು ಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದವು. ಮೂರನೆಯವನು ಇವನು, ನಾಲ್ಕು ವರ್ಷದವನು. ಇವನೊಬ್ಬ ಉಳಿದರೆ ಐದು ತುಂಬಿದ ಮೇಲೆ ಮನೆದೇವರ ಮುಂದೆ ಮುಡಿ ಕೊಡುತ್ತೇವೆ, ಅಲ್ಲಿಯವರೆಗೆ ಒಂದೆಳೆ ಕೂದಲಿಗೂ ಕತ್ತರಿ ತಾಗಿಸುವುದಿಲ್ಲ ಎಂದು ಅವಳ ಅತ್ತೆ ಹರಕೆ ಹೊತ್ತಿದ್ದಳು. ಮೊದಲ ಕತ್ತರಿ ಹುಡುಗನ ಸೋದರಮಾವನೇ ಇಡಬೇಕು, ಅದು ಅವರ ಪದ್ಧತಿ. ಹೀಗಾಗಿ ಹುಡುಗ ಎರಡು ಜಡೆ ಹಾಕಿಕೊಂಡು ಬರುತ್ತಿದ್ದ. ಯಾರಾದರೂ ಹುಡುಗಿ ಅಂತ ರೇಗಿಸಿದರೆ ಹಿಡಿದು ಗುದ್ದುತ್ತಿದ್ದ. ಸಂಜೆ ತಾಯಿ ಬಂದು ಅವನ ತಲೆ ಸವರಿ, ಮಾತಿಲ್ಲದೆ ಕರೆದುಕೊಂಡು ಹೋಗುತ್ತಿದ್ದಳು.

ಒಂದು ದಿನ ಆಟದ ನಡುವೆ ಅವನು ಬಾಗಿಲ ಮುಂದಿನ ಕಲ್ಲುಚಪ್ಪಡಿಯ ಮೇಲೆ ಅಂಗಾತ ಬಿದ್ದ. ಎತ್ತಿಕೊಂಡಾಗ ಬಲಗಡೆಯ ಜಡೆಯ ಬುಡದಲ್ಲಿ ಕೈಗೆ ಬಿಸಿ ತಾಗಿತು. ಅಂಥ ದೊಡ್ಡ ಗಾಯವೇನಲ್ಲ, ಅರ್ಧ ಬೆರಳುದ್ದ ಸೀಳಿತ್ತು. ಆದರೆ ಅಷ್ಟು ದಟ್ಟ ಕೂದಲಲ್ಲಿ ರಕ್ತ ಅಂಟಿಕೊಂಡು ಗಾಯ ಎಲ್ಲಿದೆ ಎಂದೇ ಕಾಣುತ್ತಿರಲಿಲ್ಲ. ಸುತ್ತ ಒಂದಿಷ್ಟು ಕೂದಲು ತೆಗೆದರೆ ಸರಿ ಎಂದು ನಾನು ಅಂದದ್ದೇ ತಡ, ಆಯಾ ನನ್ನ ಕೈ ಹಿಡಿದುಕೊಂಡಳು. "ಅಯ್ಯೋ ಬುಡ್ತು ಅನ್ನಿ ಟೀಚರಮ್ಮ! ದೇವ್ರ ಕೂದ್ಲು ಅದು. ಮುಟ್ಟಿದ್ರೆ ಅವ್ರತ್ತೆ ನಮ್ಮಿಬ್ರುನ್ನೂ ಉಳ್ಸಕಿಲ್ಲ." ಸರಿ, ಕೂದಲು ಬಿಡಿಸಿ ಬಿಡಿಸಿ ನೀರಿನಲ್ಲಿ ತೊಳೆದು ಟಿಂಚರ್ ಹಚ್ಚಿದೆ. ಹುಡುಗ ಕಿರುಚಿದ ಕಿರುಚಿಗೆ ಮಲಗಿದ್ದ ಮಕ್ಕಳೆಲ್ಲ ಎದ್ದು ಅಳುವುದಕ್ಕೆ ಶುರುಮಾಡಿದವು.

ಸಂಜೆ ತಾಯಿಗೆ ಹೇಳಿದೆ. "ಕೂದ್ಲು ತೆಗ್ದಿಲ್ಲ ತಾನೆ?" ಎಂದಳು. ಇಲ್ಲ ಎಂದೆ. ಆಮೇಲೆ ಗಾಯ ನೋಡಿದಳು.

ಮೂರ್ನಾಲ್ಕು ದಿನ ದಿನವೂ ಅದೇ ಸಾಹಸ. ಆಯಾ ಹುಡುಗನ ಕೈಕಾಲು ಹಿಡಿಯುವುದು, ನಾನು ಕೂದಲು ಬಿಡಿಸುವುದು, ಅವನು ನನ್ನನ್ನು ಒದೆಯುವುದು. ಗಾಯ ಒಣಗಲಿಲ್ಲ. ಬೆವರು, ಧೂಳು, ಎಣ್ಣೆ ಎಲ್ಲ ಸೇರಿ ಕೀವು ತುಂಬಿತು. ನೊಣ ಓಡಿಸುವುದಕ್ಕೇ ಒಬ್ಬರು ಬೇಕಾಯಿತು. ಕೊನೆಗೆ ಹುಡುಗ ಒದೆಯುವುದನ್ನು ನಿಲ್ಲಿಸಿ ಸುಮ್ಮನೆ ಮಡಿಲಲ್ಲಿ ಬಿದ್ದುಕೊಂಡ. ಮೈ ಮುಟ್ಟಿದರೆ ಸುಡುತ್ತಿತ್ತು. ಆಗ ನನಗೆ ನಿಜಕ್ಕೂ ಭಯವಾಯಿತು.

ತಾಯಿಯನ್ನೂ ಹುಡುಗನನ್ನೂ ಪುರವರದಲ್ಲಿ ಔಷಧಿ ಕೊಡುತ್ತಿದ್ದ ಕಾಂಪೌಂಡರ ಹತ್ತಿರ ಕರೆದುಕೊಂಡು ಹೋದೆ. ಅವರು ನೋಡಿದ ಕೂಡಲೇ ಹೇಳಿದರು: "ಇಷ್ಟಗಲ ಕೂದ್ಲು ತೆಗೀಬೇಕಮ್ಮ. ಕೀವು ಹಿಂಡದೆ ಸೂಜಿ ಹಾಕಿ ಏನ್ ಪ್ರಯೋಜನ?" ತಾಯಿ ಹುಡುಗನ ತಲೆಗೆ ಸೆರಗು ಹೊದಿಸಿ ಎದ್ದುಬಿಟ್ಟಳು. ಅತ್ತೆಯನ್ನು ಕೇಳಬೇಕು ಎಂದಳು.

ಅತ್ತೆ ಉತ್ತರವನ್ನು ತಾನೇ ಬಾಲವಾಡಿಗೆ ತಂದಳು. ಗಟ್ಟಿ ಮುದುಕಿ. ಹೊಸ್ತಿಲ ಹೊರಗೇ ನಿಂತು ಇಡೀ ಹಟ್ಟಿಗೆ ಕೇಳುವಂತೆ ಕೂಗಿದಳು.

"ನಾಕು ವರ್ಸದಿಂದ ಕಣ್ಣಾಗೆ ಕಣ್ಣಿಟ್ಟು ಕಾದೀವ್ನಿ ಕಣಮ್ಮ. ಎರ್ಡು ಓಗಿದ್ದು ಸಾಲ್ದಾ? ಇದ್ನೂ ಕಳಕಬೇಕಾ ನಾನು?"

"ಕೂದಲು ಮತ್ತೆ ಬರುತ್ತೆ ಅಜ್ಜಿ, ಮಗು..."

"ಬಾಯ್ಮುಚ್ಚು! ನಿನ್ನ ಬಾಲವಾಡಿಗೆ ಕಳಿಸ್ದೆ ನೋಡು, ನನ್ ಬುದ್ಧಿಗೆ ಮಂಕು ಬಡ್ದಿತ್ತು."

ಅವಳು ಹೋದ ಮೇಲೆ ಗೋಡೆಗೆ ಒರಗಿ ಕುಳಿತೆ. ನನಗೆ ಇದೆಲ್ಲ ಸಾಕಾಗಿಹೋಗಿತ್ತು. ಕೆಲಸಕ್ಕೆ ಒಂದು ದೊಡ್ಡ ನಮಸ್ಕಾರ ಹಾಕಿ ಮಧುಗಿರಿಯಲ್ಲೇ ಯಾವುದಾದರೂ ಅಂಗಡಿಯಲ್ಲಿ ಸೀರೆ ಮಡಚಿಕೊಂಡು ಇರೋಣ ಅನ್ನಿಸಿತು. ಸೀರೆ ಬೀಳುವುದಿಲ್ಲ, ಅದಕ್ಕೆ ಅಜ್ಜಿಯೂ ಇರುವುದಿಲ್ಲ.

ಮಾರನೆಯ ಬೆಳಿಗ್ಗೆ ನಾನು ಬಸ್ಸಿಳಿದಾಗ ರಸ್ತೆಯ ಪಕ್ಕದಲ್ಲೇ ತಾಯಿ ನಿಂತಿದ್ದಳು. ಹೆಗಲ ಮೇಲೆ ಹುಡುಗ, ಕಣ್ಣು ಅರೆಮುಚ್ಚಿದ್ದ. "ನಡೀರಿ ಟೀಚರಮ್ಮ" ಎಂದಳು. ಅತ್ತೆ ಒಪ್ಪಿದಳೇ ಎಂದು ಕೇಳಿದೆ. ಅವಳು ಪುರವರದ ದಾರಿ ಹಿಡಿದಳು. ನಾನೂ ಹಿಂದೆ ಹೊರಟೆ.

ಕಾಂಪೌಂಡರು ಕತ್ತರಿ ತೆಗೆದುಕೊಂಡರು. ಕೂದಲಿಗೆ ತಾಗಿಸಬೇಕು, ಅಷ್ಟರಲ್ಲಿ ತಾಯಿ ಅವರ ಕೈ ತಡೆದಳು.

"ತಡೀರಿ ಸ್ವಾಮಿ. ಮೊದ್ಲು ಸೋದರಮಾವ ಇಡ್ಬೇಕು."

"ಎಲ್ಲಿದಾನಮ್ಮ ನಿಮ್ಮಣ್ಣ?"

"ಇವ್ರಪ್ಪನ ಜೊತೆ ಕುರಿ ಹೊಡ್ಕಂಡು ಪಾವಗಡದಾಚೆ ಹೋಗವ್ನೆ."

"ಅವನು ಬರೋವರೆಗೂ ಜ್ವರ ಕಾಯುತ್ತಾ?"

ಅವಳು ನನ್ನ ಕಡೆ ತಿರುಗಿದಳು. "ಟೀಚರಮ್ಮ, ನೀವಿಡಿ."

"ನಾನು ಹೆಂಗಸು ಕಣಮ್ಮ!"

"ನಮ್ಮಣ್ಣನ ಜಾಗದಾಗೆ ನಿಂತ್ಕಳಿ. ದಿನಾ ಎತ್ಕಂಡು ತಿರ್ಗೋರು ನೀವೇ ತಾನೆ?"

ಕಾಂಪೌಂಡರು ಕತ್ತರಿಯನ್ನು ನನ್ನ ಕೈಗೆ ಕೊಟ್ಟರು. ಈ ಹುಡುಗನಿಗೆ ಏನಾದರೂ ಆದರೆ ಹಟ್ಟಿಯವರು ಕಲ್ಲುಚಪ್ಪಡಿಯನ್ನೋ ಕೀವನ್ನೋ ದೂರುವುದಿಲ್ಲ, ಮೊದಲು ಕತ್ತರಿ ಇಟ್ಟವಳನ್ನು ದೂರುತ್ತಾರೆ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ದೇವರು ದಿಂಡರಲ್ಲಿ ನನಗೆ ಅಷ್ಟೇನೂ ನಂಬಿಕೆ ಇರಲಿಲ್ಲ. ಆದರೂ ಆ ಹೊತ್ತಿನಲ್ಲಿ ಅವರ ಮನೆದೇವರಿಗೆ ಒಳಗೊಳಗೇ ಕೈಮುಗಿದೆ. ಆಮೇಲೆ ಒಂದು ಎಳೆ ಹಿಡಿದು ಕತ್ತರಿಸಿದೆ. ಮಿಕ್ಕದ್ದನ್ನು ಕಾಂಪೌಂಡರು ತೆಗೆದರು. ಬಿದ್ದ ಕೂದಲನ್ನೆಲ್ಲ ತಾಯಿ ನೆಲದಿಂದ ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡಳು. ಕೀವು ಹಿಂಡುವಾಗ ಹುಡುಗ ನನ್ನ ಬೆರಳು ಕಚ್ಚಿದ. ಕಚ್ಚುವಷ್ಟು ಶಕ್ತಿ ಇದೆಯಲ್ಲ ಎಂದು ಸಮಾಧಾನವಾಯಿತು.

ನಾವು ವಾಪಸು ಬರುವಷ್ಟರಲ್ಲಿ ಸುದ್ದಿ ಹೇಗೋ ಹಟ್ಟಿಗೆ ಮುಟ್ಟಿತ್ತು. ಅತ್ತೆ ಬಾಲವಾಡಿಯ ಬಾಗಿಲಲ್ಲೇ ಕಾದಿದ್ದಳು. ಬೋಳಾದ ಜಾಗವನ್ನೂ ಬಿಳಿ ಪಟ್ಟಿಯನ್ನೂ ನೋಡಿ ಎದೆ ಎದೆ ಬಡಿದುಕೊಂಡಳು. "ನನ್ನ ಮನೆ ದೀಪ ಆರಿಸ್ಬುಟ್ಟಲ್ಲೇ!" ಎಂದು ಸೊಸೆಯ ಮೇಲೆ ಏರಿಹೋದಳು. ನಾನು ನಡುವೆ ಹೋಗಬೇಕು ಅನ್ನುವಷ್ಟರಲ್ಲಿ ಸೊಸೆಯೇ ಬಾಯಿಬಿಟ್ಟಳು. ಅವಳು ಅತ್ತೆಗೆ ಎದುರು ಮಾತಾಡಿದ್ದನ್ನು ಅದಕ್ಕೆ ಮುಂಚೆ ಯಾರೂ ಕೇಳಿರಲಿಲ್ಲ.

"ಮುಂಚಿನವೆರ್ಡಕ್ಕೂ ಒಂದೆಳೆ ಕೂದ್ಲು ಮುಟ್ಟಿರ್ಲಿಲ್ಲ ಕಣತ್ತೆ. ತಲೆ ತುಂಬ ಕೂದ್ಲಿಟ್ಕಂಡೇ ಮಣ್ಣಿಗೋದ್ವು."

ಅಷ್ಟೇ ಅಂದದ್ದು. ಮುದುಕಿಯ ಕೈ ಎದೆಯ ಮೇಲೆ ಹಾಗೇ ನಿಂತಿತು. ಆಯಾ ಸೆರಗು ಬಾಯಿಗಿಟ್ಟುಕೊಂಡಳು. ಒಳಗೆ ಮಕ್ಕಳು ಉಪ್ಪಿಟ್ಟಿನ ತಟ್ಟೆ ಬಡಿಯುತ್ತಿದ್ದವು, ಯಾರೂ ಗದರಲಿಲ್ಲ. ಅತ್ತೆ ಕಲ್ಲುಚಪ್ಪಡಿಯ ಮೇಲೆ ಕುಸಿದು ಕೂತು ಕೈ ಚಾಚಿದಳು.

"ಕೂದ್ಲು ಎಲ್ಲೈತೆ? ತಾ ಇಲ್ಲಿ. ಅರಿಸಿನದ ಬಟ್ಟೇಲಿ ಮುಡಿಪು ಕಟ್ಟಿಡ್ತೀನಿ."

ಸೊಸೆ ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ಮುದುಕಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಮೊದ್ಲು ಯಾರು ಇಟ್ಟಿದ್ದು?" ಎಂದಳು. ನಾನು ಎಂದೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮೊಮ್ಮಗನನ್ನು ಎತ್ತಿಕೊಂಡು ಹೊರಟುಹೋದಳು.

ಮರುದಿನ ಹುಡುಗ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಆಯಾಳನ್ನು ಮನೆಗೆ ಕಳಿಸಿದರೆ ಬಾಗಿಲು ಮುಂದೆ ಮಾಡಿತ್ತು ಎಂದು ವಾಪಸು ಬಂದಳು. ನಾನಂತೂ ಹಾಡು ಹೇಳಿಕೊಡುವುದು ಬಿಟ್ಟು ದಾರಿ ನೋಡುವುದೇ ಆಯಿತು. ದೂರದಲ್ಲಿ ಯಾರಾದರೂ ಹೆಂಗಸು ಜೋರಾಗಿ ಕೂಗಿದರೆ ಅಳುವೇನೋ ಎಂದು ಬಾಗಿಲಿಗೆ ಓಡುತ್ತಿದ್ದೆ.

ಆಮೇಲೊಂದು ಬೆಳಿಗ್ಗೆ ನಾನು ಒಳಗೆ ಕಸ ಗುಡಿಸುತ್ತಿದ್ದೆ. ಬಾಗಿಲಲ್ಲಿ ಮುದುಕಿಯ ಗಟ್ಟಿ ಗಂಟಲು ಕೇಳಿಸಿತು. ಆಯಾಳನ್ನು ಕೇಳುತ್ತಿದ್ದಳು.

"ಈ ಹೈದನ ಸೋದರಮಾವ ಎಲ್ಲಮ್ಮ? ಜ್ವರ ಬುಟ್ಟೈತೆ, ಔಸ್ದಿಗೆ ಕರ್ಕಂಡೋಗ್ಬೇಕಂತೆ."

ಹುಡುಗ ಅವಳ ಕೈ ಹಿಡಿದುಕೊಂಡು ತನ್ನ ಕಾಲ ಮೇಲೆ ತಾನೇ ನಿಂತಿದ್ದ. ಪೊರಕೆ ಕೆಳಗಿಟ್ಟು, ನಾನೇ ಎಂದು ಕೈ ಎತ್ತಿದೆ.