ಅತ್ತಿಗೆ ಬರೆಯದೆ ಬಿಟ್ಟ ಸಾಲು

ರಟ್ಟಿನ ಪೆಟ್ಟಿಗೆ ಮಾಡುವ ನಮ್ಮ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವವಳು ನನ್ನ ಅತ್ತಿಗೆ, ಅಣ್ಣನ ಹೆಂಡತಿ. ಉಗ್ರಾಣ ನೋಡಿಕೊಳ್ಳುವ ಕೆಲಸ ನನ್ನದು. ಅವಳಿಗೆ ಎಲ್ಲರೂ ಇಟ್ಟ ಹೆಸರು ಬಾಕಿ ಅಮ್ಮ. ದುಡ್ಡು ಕೊಟ್ಟ ದಿನ ಖರ್ಚು ಬರೆಯುವುದು ಅವಳ ಪ್ರಕಾರ ಪೆದ್ದುತನ; ಖರ್ಚು ಆದಾಗಲೇ ಬರೆಯಬೇಕು. ಕರೆಂಟು ಬಿಲ್ಲು ಬರಲು ಇನ್ನೂ ಹತ್ತು ದಿನವಿರುವಾಗಲೇ, ತಿಂಗಳ ಕೊನೆಗೆ ಮೀಟರಿನ ಮುಂದೆ ಕತ್ತು ಉದ್ದ ಮಾಡಿ ನಿಂತು ಯೂನಿಟ್ಟು ಬರೆದುಕೊಳ್ಳುತ್ತಾಳೆ. ಅಂಟಿನವನು ಬಿಲ್ಲು ಕೊಡದೆ ಸತಾಯಿಸಿದರೆ ಉಗ್ರಾಣಕ್ಕೆ ಬಂದು ಖಾಲಿ ಡ್ರಮ್ಮು ಎಣಿಸುತ್ತಾಳೆ. "ಬಿಲ್ ಬರ್ಲಿಲ್ಲ ಅಂದ್ರೆ ಅಂಟು ಖರ್ಚಾಗಿಲ್ವೇನೇ?" ಎಂದು ನನ್ನನ್ನೇ ಗದರುತ್ತಾಳೆ, ಅಂಟನ್ನು ನಾನೇ ಕುಡಿದವಳ ಹಾಗೆ.

ಅಂಥವಳು ಈ ಸಲ ವರ್ಷದ ಲೆಕ್ಕ ಮುಗಿಸಲಾರದೆ ಒದ್ದಾಡಿದಳು. ಬುಧವಾರ ಬ್ಯಾಂಕಿನವರು ಪುಸ್ತಕ ನೋಡಲು ಬರುವವರಿದ್ದರು. ಲಾಭ ಚೆನ್ನಾಗಿದ್ದರೆ ಹೊಸ ಯಂತ್ರಕ್ಕೆ ಸಾಲ ಸಿಗುತ್ತಿತ್ತು. ಸೋಮವಾರ ಅವಳು ಲಾರಿ ಡ್ರೈವರನಿಗೆ ಗೇಟ್ ಪಾಸಿನ ಬದಲು ಅಣ್ಣನ ಮಾತ್ರೆ ಚೀಟಿ ಕೊಟ್ಟಳು. ಊಟದ ಡಬ್ಬಿ ತೆರೆದು ಹಾಗೇ ಮುಚ್ಚಿದಳು.

"ನಂದೊಂದು ಸಾಲು ಬಿಟ್ಟಿದೀನಿ ಕಣೇ," ಎಂದಳು ಕೊನೆಗೆ.

ಕೆಲಸ ಬಿಡುವಾಗ ಪ್ರತಿಯೊಬ್ಬರಿಗೂ ಒಂದು ಇಡಿಗಂಟು ಕೊಡಬೇಕು. ಕೊಡುವುದು ಕೊನೆಯ ದಿನವಾದರೂ ಅದರ ಪಾಲನ್ನು ವರ್ಷ ವರ್ಷವೂ ಖರ್ಚಿಗೆ ಬರೆಯಬೇಕು. ಡ್ರೈವರನದು, ಕಸ ಗುಡಿಸುವವಳದು, ನನ್ನದು ಎಲ್ಲವನ್ನೂ ಅತ್ತಿಗೆ ಬರೆದಿದ್ದಾಳೆ. ತನ್ನದನ್ನು ಮಾತ್ರ ಬರೆದಿಲ್ಲ. ಸೇರಿದ ಮೊದಲ ವರ್ಷ ಹಳೆಯ ಮಾಲೀಕರ ಕೈ ಬಿಗಿಯಾಗಿತ್ತಂತೆ. ಮುಂದಿನ ವರ್ಷ ಸೇರಿಸಿದರಾಯಿತು ಎಂದು ಬಿಟ್ಟಳಂತೆ. ಆಮೇಲೆ ಬಾಯಿ ಬಿಡಲು ಸಂಕೋಚ. ಹಾಗೇ ಇಪ್ಪತ್ತೆರಡು ವರ್ಷ ಕಳೆಯಿತು. ಇನ್ನು ನಾಲ್ಕು ತಿಂಗಳಿಗೆ ಅವಳ ನಿವೃತ್ತಿ. ಅಣ್ಣನ ಎರಡೂ ಮೊಣಕಾಲಿನ ಆಪರೇಷನ್ನು ಆ ದುಡ್ಡನ್ನೇ ನೆಚ್ಚಿಕೊಂಡಿದೆ.

ನನಗೆ ಮೈಯೆಲ್ಲ ಉರಿಯಿತು. "ಊರೋರ ಬಾಕಿಯೆಲ್ಲ ಬರೀತೀಯ, ನಿಂದು ಬರಿಯೋಕೆ ಏನು ರೋಗ?"

"ಬರೆದ್ರೆ ಈ ವರ್ಷದ ಲಾಭ ಪೂರ್ತಿ ಹೋಗತ್ತೆ. ಸಾಲ ಸಿಗಲ್ಲ. ಆ ಹುಡುಗ ಯಂತ್ರಕ್ಕೆ ಮುಂಗಡ ಬೇರೆ ಕೊಟ್ಟಿದಾನೆ." ಹುಡುಗ ಎಂದರೆ ಈಗಿನ ಮಾಲೀಕ, ಹಳೆಯವರ ಮಗ, ನಲವತ್ತು ದಾಟಿದವನು.

"ಬರೀದಿದ್ರೆ?"

"ಬ್ಯಾಂಕಿನ ಕಂತು ಶುರುವಾಗತ್ತೆ. ನಾನು ಹೋಗೋ ದಿನ ನನಗೆ ಕೊಡೋಕೆ ಏನೂ ಉಳಿದಿರಲ್ಲ."

ಆ ಸಂಜೆ ಅಣ್ಣ ಡಾಕ್ಟರು ಕೊಟ್ಟ ತಾರೀಖಿನ ಮಾತೆತ್ತಿದ. ಅವಳು ಅಡುಗೆಮನೆಗೆ ಹೋಗಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಮಂಗಳವಾರ ಮಧ್ಯಾಹ್ನ ಪುಸ್ತಕ ಎದೆಗವಚಿಕೊಂಡು ಮಾಲೀಕನ ಕೋಣೆಗೆ ಹೊರಟಳು. ಒಬ್ಬಳೇ ಹೋಗಲಾರೆನೆಂದು ನನ್ನನ್ನೂ ಎಳೆದುಕೊಂಡು ಹೋದಳು. ಅವಳು ಬರೆದು ತಂದಿದ್ದ ಹೊಸ ಸಾಲಿನ ಮೇಲೆ ಅವನು ಬೆರಳಿಟ್ಟ.

"ಇಷ್ಟು ದೊಡ್ಡ ಮೊತ್ತ ಯಾರದಮ್ಮಾ?"

"ನಂದು," ಎಂದು ಎಲ್ಲ ಹೇಳಿದಳು.

"ಬುಧವಾರ ಕಳೀಲಿ, ಆಮೇಲೆ ಬರೀರಿ. ನೀವು ಮನೆಯವರ ಹಾಗಲ್ವಾ?"

ನಾನು ಬಾಯಿ ತೆರೆದೆ. ಅತ್ತಿಗೆ ನನ್ನ ತೋಳು ಹಿಸುಕಿದಳು. "ಮನೆಯವಳು ಅಂದ್ಕೊಂಡೇ ಇಷ್ಟು ವರ್ಷ ತಪ್ಪು ಲೆಕ್ಕ ಬರ್ದೆ. ನಾಳೆ ಅವರ ಮುಂದೆ ಇದು ಸರಿ ಅಂತ ಸೈನ್ ಹಾಕಬೇಕಾದವಳು ನಾನು. ಹಾಕಲ್ಲ." ನನಗೆ ಅಳು ಬಂತು, ಹೆಮ್ಮೆಯೂ ಆಯಿತು.

ಅವನು ಎದ್ದ. ಕಪಾಟಿನಿಂದ ಹಳೆಯ ಪುಸ್ತಕಗಳನ್ನು ಇಳಿಸಿ, ಪ್ರತಿ ವರ್ಷದ ಲಾಭದ ಪಕ್ಕ ಅವಳ ಪಾಲನ್ನು ಒಂದು ಚೀಟಿಯಲ್ಲಿ ಬರೆಯುತ್ತ ಹೋದ. ನಾವು ನಿಂತೇ ಇದ್ದೆವು. ಕೂರಿ ಎನ್ನುವುದು ಅವನಿಗೆ ಹೊಳೆಯಲಿಲ್ಲ. ಐದಾರು ವರ್ಷ ಅವಳ ಪಾಲೇ ಲಾಭಕ್ಕಿಂತ ದೊಡ್ಡದಿತ್ತು; ಬರೆದಿದ್ದರೆ ಆ ವರ್ಷಗಳೆಲ್ಲ ನಷ್ಟವೇ. ಪೆನ್ನು ಕೆಳಗಿಟ್ಟು ಬ್ಯಾಂಕಿಗೆ ಫೋನ್ ಮಾಡಿ ನಾಳೆ ಬರಬೇಡಿ ಎಂದ.

"ಒಂದು ವರ್ಷಾನೂ ನಷ್ಟ ಮಾಡಿಲ್ಲ ಅಂತ ಅಪ್ಪ ಸಾಯೋವರೆಗೂ ಹೇಳ್ತಿದ್ರು," ಎಂದ, ತಲೆಯೆತ್ತದೆ. "ಅದು ನಿಮ್ಮ ದುಡ್ಡಾ?"

ಅತ್ತಿಗೆ, ಕದ್ದವಳು ತಾನೇ ಎನ್ನುವಂತೆ, ಕತ್ತು ತಗ್ಗಿಸಿದಳು.

"ಹೌದು," ಎಂದೆ ನಾನು.